ಟಸ್ಕನಿಯ ಮಣ್ಣುದಾರಿಯೂ ನಮ್ಮ ಕಾಲುವೆಯ ಏರಿಯೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಟಲಿಯಿಂದ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಅವನು ರಜೆ ಹಾಕಿ, ಟಸ್ಕನಿ ಎಂಬ ಪ್ರಾಂತಕ್ಕೆ ಹೋಗಿ, ಬಾಡಿಗೆ ಸೈಕಲ್ಲಿನಲ್ಲಿ ಆರು ದಿನ ಹಳ್ಳಿಗಳನ್ನು ಸುತ್ತಿದನಂತೆ. ದ್ರಾಕ್ಷಿ ತೋಟಗಳು, ಆಲಿವ್ ಮರಗಳು, ನಡುವೆ ಬಿಳಿಯ ಮಣ್ಣಿನ ದಾರಿ. "ಸರ್, ಇಡೀ ದಿನ ಒಂದು ಹಾರ್ನ್ ಕೇಳಲಿಲ್ಲ" ಎಂದು ಕೆಳಗೆ ಬರೆದಿದ್ದ. ಓದಿ ಸಂತೋಷವಾಯಿತು. ಆದರೆ ಇದೇ ಹುಡುಗ (ನಲವತ್ತು ದಾಟಿದವನನ್ನೂ ಮಾಸ್ತರನಾದವನು ಹುಡುಗ ಎಂದೇ ಕರೆಯುತ್ತಾನೆ, ಕ್ಷಮಿಸಬೇಕು) ಯುಗಾದಿಗೆ ಊರಿಗೆ ಬಂದಾಗ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ನಮ್ಮ ಒಳರಸ್ತೆಗಳನ್ನೆಲ್ಲ ಹೆದ್ದಾರಿಯಷ್ಟು ಅಗಲ ಮಾಡದ ಹೊರತು ಈ ಭಾಗ ಉದ್ಧಾರವಾಗದು ಎಂದು ಒಂದು ತಾಸು ವಾದಿಸಿದ್ದ. ಅಂದು ನಾನು ಸುಮ್ಮನಿದ್ದೆ. ಇಂದು ಉತ್ತರ ಹೇಳುತ್ತೇನೆ.

ಅವನು ಮೆಚ್ಚಿದ ಆ ಬಿಳಿಯ ದಾರಿಗಳು ತಾವಾಗಿ ಉಳಿದವಲ್ಲ. ಅವುಗಳ ಮೇಲೆ ಡಾಂಬರು ಬೀಳುವುದೆಂಬ ಆತಂಕದಿಂದ ಅಲ್ಲಿಯ ಜನ 1997ರಲ್ಲಿ ಗಯೋಲೆ ಎಂಬ ಊರಿನಿಂದ 'ಲೆರೋಯಿಕಾ' ಎಂಬ ಹಳೆಯ ಸೈಕಲ್ಲುಗಳ ಸವಾರಿಯನ್ನು ಆರಂಭಿಸಿದರು. ದಾರಿ ಉಳಿಯಿತು, ಹೆಸರೂ ಬಂದಿತು. 2007ರಿಂದ ಅಂಥ ದಾರಿಗಳ ಮೇಲೆಯೇ ವೃತ್ತಿಪರರ ಪಂದ್ಯವೊಂದು ನಡೆದು ಬಂದಿದೆ. ಅಲ್ಲಿಯ ಮಣ್ಣುದಾರಿ ಅವನ ಕಣ್ಣಿಗೆ ಸೊಬಗು. ಸುರಪುರ ಸೀಮೆಯ ಮಣ್ಣುದಾರಿ ಹಿಂದುಳಿದಿರುವುದರ ಗುರುತು. ಇದು ಯಾವ ನ್ಯಾಯ?

ನಾನು ಸುರಪುರದ ಹೈಸ್ಕೂಲಿಗೆ ಸೇರಿದ್ದು 1974ರಲ್ಲಿ. ಊರಿನಿಂದ ಏಳು ಮೈಲಿ. ಅಪ್ಪನ ಸೈಕಲ್ಲಿನ ಸೀಟು ನನಗೆ ಎಟುಕುತ್ತಿರಲಿಲ್ಲವಾದ್ದರಿಂದ ಮೊದಲ ವರ್ಷವೆಲ್ಲ ಒಳಗಾಲು ಹಾಕಿ ತುಳಿದೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಸೈಕಲ್ಲೇ ನನ್ನ ಹೆಗಲೇರುತ್ತಿತ್ತು. ಆದ್ದರಿಂದ ಒಳ್ಳೆಯ ರಸ್ತೆ ಬೇಡವೆನ್ನುವ ಮೂರ್ಖ ನಾನಲ್ಲ. 2000ನೇ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಗ್ರಾಮ ಸಡಕ್ ಯೋಜನೆಯಲ್ಲಿ ಮೂರೂಮುಕ್ಕಾಲು ಮೀಟರಿನ ಡಾಂಬರು ರಸ್ತೆಗಳು ಹಳ್ಳಿಗಳಿಗೆ ಬಂದಾಗ ಕೈ ಮುಗಿದವನು ನಾನು. ಅಷ್ಟು ಅಗಲ ಸಾಕು. ಬಸ್ಸು ಬರುತ್ತದೆ, ಆಂಬುಲೆನ್ಸ್ ಬರುತ್ತದೆ, ತೊಗರಿಯ ಟ್ರ್ಯಾಕ್ಟರು ಬರುತ್ತದೆ. ಎದುರಿಗೆ ಮತ್ತೊಂದು ವಾಹನ ಬಂದರೆ ಇಬ್ಬರೂ ನಿಧಾನಿಸಬೇಕಾಗುತ್ತದೆ. ಆ ನಿಧಾನವೇ ಸೈಕಲ್ಲಿನವನ ಜೀವರಕ್ಷೆ.

ಇನ್ನು ಕಾಲುವೆಯ ಮಾತು. ನಾರಾಯಣಪುರದ ಬಸವಸಾಗರ 1982ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯೂ ಅದರಿಂದ ಕವಲೊಡೆದ ಹುಣಸಗಿ, ಶಹಾಪುರ, ಮುಡಬೂಳ ಶಾಖೆಗಳೂ ನಮ್ಮ ಎರೆಹೊಲಗಳ ನಡುವೆ ಹರಿದವು. ಕಾಲುವೆ ನೋಡಿಕೊಳ್ಳುವವರ ಜೀಪು ಓಡಾಡಲೆಂದು ಏರಿಯ ಮೇಲೆ ಗರಸಿನ ದಾರಿ ಮಾಡಿದರು. ಭೂಗೋಳ ಪಾಠದಲ್ಲಿ ಸಮೋನ್ನತಿ ರೇಖೆಯನ್ನು ನಿಮಗೆ ಕಲಿಸಿದ್ದು ನೆನಪಿದೆಯೇ? ಮುಖ್ಯ ಕಾಲುವೆ ಹೆಚ್ಚುಕಡಿಮೆ ಆ ರೇಖೆಯನ್ನೇ ಹಿಡಿದು ಸಾಗುತ್ತದೆ. ನೀರು ಹರಿಯಲು ಬೇಕಾದಷ್ಟೇ ಇಳಿಜಾರು. ಆದ್ದರಿಂದ ಏರಿಯ ಮೇಲೆ ತುಳಿಯುವವನಿಗೆ ಏರುದಾರಿಯೇ ಸಿಗುವುದಿಲ್ಲ. ಗರಸು ಎರೆಯಂತೆ ಗಾಲಿಗೆ ಮೆತ್ತುವುದಿಲ್ಲ. ಸೈಕಲ್ಲಿಗೆಂದೇ ಎಂಜಿನಿಯರನೊಬ್ಬ ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ದಾರಿ ಆಗುತ್ತಿರಲಿಲ್ಲ.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ನಮ್ಮ ಶಾಲೆಯ ಹಿಂದೆಯೇ ಕಾಲುವೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಳಿಗ್ಗೆ ಏರಿಯ ಮೇಲೆ ಸಾಲಾಗಿ ಬರುತ್ತಿದ್ದುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಏಳನೆಯ ತರಗತಿಗೇ ಓದು ನಿಲ್ಲಬೇಕಿದ್ದ ಮಕ್ಕಳು ಅವರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಇಬ್ಬರು ಮೂವರು ಆ ಸಾಲಿನಲ್ಲಿದ್ದವರೇ.

ಕೆಲವು ವರ್ಷಗಳ ಮೇಲೆ ಮರಳಿನ ಟಿಪ್ಪರುಗಳು ಆ ಏರಿಯನ್ನು ಕಂಡುಕೊಂಡವು. ಒಂದೇ ಮಳೆಗಾಲದಲ್ಲಿ ಏರಿ ಎರಡು ಕಡೆ ಕುಸಿಯಿತು. ದುರಸ್ತಿ ಮಾಡಿಸಿ, ಟಿಪ್ಪರು ನುಗ್ಗದಂತೆ ಎರಡು ಕಲ್ಲು ನೆಡಿಸಿ ಎಂದು ಮೂರು ಅರ್ಜಿ ಬರೆದೆ. ಒಂದು ಕಚೇರಿಯಿಂದ ಉತ್ತರ ಬಂದಿತು: ಸದರಿ ದಾರಿಯು ಸಾರ್ವಜನಿಕ ರಸ್ತೆಯಲ್ಲ. ಮಕ್ಕಳು ದೊಡ್ಡ ರಸ್ತೆಗೆ ಹೋದರು. 2013ರ ನವೆಂಬರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಮೇಲೆ ಲಾರಿ ಹರಿದು, ಮೊಣಕಾಲಿನ ಕೆಳಗೆ ಬಲಗಾಲು ಹೋಯಿತು. ಅವನು ಇಂದು ಊರಿನಲ್ಲೇ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆ ಕಚೇರಿಯ ಪತ್ರದ ನೆರಳುಪ್ರತಿಯನ್ನು ಅವನ ಅಂಗಡಿಯಲ್ಲೇ ತೆಗೆಸಿ ಇಟ್ಟುಕೊಂಡಿದ್ದೇನೆ. ಅವನು ಅದನ್ನು ಓದಿದ, ಹಣ ತೆಗೆದುಕೊಳ್ಳಲಿಲ್ಲ.

ಈ ಬಿಸಿಲಿನಲ್ಲಿ ಸೈಕಲ್ ಯಾರು ತುಳಿಯುತ್ತಾರೆ ಎಂದು ಕೇಳುವವರುಂಟು. ಸ್ಪೇನಿನ ಸೆವಿಲ್ಲೆಯಲ್ಲೂ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಸೈಕಲ್ ಪಥಗಳಿಗೆ ಹೆಸರಾದ ನಗರವದು. ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ಎಷ್ಟು ಹಿತ! ಸುರಪುರದಿಂದ ಬೋನಾಳದ ಕೆರೆಗೆ ಹತ್ತು ಹನ್ನೆರಡು ಕಿಲೋಮೀಟರು. ನೀರಹಕ್ಕಿಗಳು ಹಾರ್ನಿಗೆ ಎದ್ದುಹೋಗುತ್ತವೆ, ಸೈಕಲ್ಲಿಗೆ ಕತ್ತೆತ್ತಿ ನೋಡುತ್ತವೆ ಅಷ್ಟೆ. ಶಹಾಪುರದಿಂದ ಗೋಗಿಗೆ ಹೋದರೆ ಬಿಜಾಪುರದ ಆದಿಲ್‌ಶಾಹಿಯನ್ನು ಸ್ಥಾಪಿಸಿದ ಯೂಸುಫನ ಗೋರಿ. ಯಾದಗಿರಿಯವರಿಗೆ ಹತ್ತಿಕುಣಿಯ ಜಲಾಶಯ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಾಗುವ ತಾಣವನ್ನು ಕಾರಿನವರು ಮಾತು ಮುಗಿಸುವಷ್ಟರಲ್ಲಿ ದಾಟಿರುತ್ತಾರೆ.

ಬಸ್ಸಿದೆಯಲ್ಲ, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಉಚಿತವೂ ಆಗಿದೆಯಲ್ಲ ಎನ್ನಬಹುದು. ಒಳ್ಳೆಯದೇ. ಆದರೆ ಒಳಹಳ್ಳಿಯ ಬಸ್ಸು ಶಾಲೆಯ ಗಂಟೆ ನೋಡಿ ಹೊರಡುವುದಿಲ್ಲ. ಕಾಲುವೆಯ ಅಂಚು ಮಕ್ಕಳಿಗೆ ಅಪಾಯ ಎಂಬ ಆಕ್ಷೇಪ ಮಾತ್ರ ನಿಜ, ಅದನ್ನು ಒಪ್ಪುತ್ತೇನೆ. ಊರುಗಳ ಸಮೀಪ ತಡೆಗೋಡೆ ಬೇಕು.

ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿ ಎಷ್ಟು ಬೇಕಾದರೂ ಅಗಲವಾಗಲಿ, ಬದಿಯಲ್ಲಿ ಸೈಕಲ್ಲಿಗೊಂದು ಪಟ್ಟಿ ಬಿಡಲಿ. ಸೈಕಲ್ ಪಥ ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಲ್ಲೇ ನಿಯಮ ಬರೆದು, 2015ರಲ್ಲಿ ಪರಿಷ್ಕರಿಸಿದೆ. ಇದು ನನ್ನಂಥ ಮುದುಕನ ಹಂಬಲವಲ್ಲ. ಒಳರಸ್ತೆಗಳ ಗುಂಡಿ ಮುಚ್ಚಲಿ, ಬದಿಯ ಬೇವಿನ ಮರಗಳನ್ನು ಕಡಿಯದಿರಲಿ. ಕಾಲುವೆಯ ಏರಿಗೆ ಗರಸು ಹಾಕಿ, ಆ ಎರಡು ಕಲ್ಲು ನೆಡಲಿ.

ನಾಲ್ಕನೆಯ ಅರ್ಜಿ ಸಿದ್ಧವಾಗಿದೆ. ಇಟಲಿಯಿಂದ ಮರಳಿದವನೇ, ಮೊದಲ ಸಹಿ ನಿನ್ನದಿರಲಿ ಎಂದು ಮೇಲೆ ಜಾಗ ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಬಾ. ಬೋನಾಳಕ್ಕೆ ಹೋಗೋಣ, ನನ್ನ ಸೈಕಲ್ಲಿಗೆ ಹೊಸ ಟಯರು ಹಾಕಿಸಿದ್ದೇನೆ, ನಿನಗೆ ಪಕ್ಕದ ಮನೆಯದನ್ನು ಕೇಳಿಟ್ಟಿರುತ್ತೇನೆ.