ವಿಮಾನ ನಿಲ್ದಾಣದ ಕಾವಲೂ ಕನ್ನಡದ ಮಾತೂ

ನವಲಗುಂದದ ಕಡೆಯ ಮಕ್ಕಳಿಗೆ ಪೊಲೀಸ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಲಾಠಿಯ ನೆನಪಾಗುವುದು ಸಹಜವೇ ಸರಿ. 1980ರ ಜುಲೈ 21ರಂದು, ಮಲಪ್ರಭೆಯ ಕರಭಾರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ ನರಗುಂದಗಳಲ್ಲಿ ಗುಂಡು ಹಾರಿದ ಸಂಗತಿಯನ್ನು ಅಜ್ಜಂದಿರು ಮರೆತಿಲ್ಲ. ವರ್ಷವರ್ಷವೂ ಆ ದಿನ ಹುತಾತ್ಮರ ಸ್ಮರಣೆ ನಡೆಯುತ್ತದೆ. ಆದುದರಿಂದ ಬೇರೊಂದು ಬಗೆಯ ಪೊಲೀಸರ ಕೆಲಸವನ್ನು ನಮ್ಮ ತರುಣರಿಗೆ ಬಿಡಿಸಿ ಹೇಳುವುದು ಅವಶ್ಯವೆಂದು ನನಗೆ ತೋರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ 2017ರ ಡಿಸೆಂಬರಿನಲ್ಲಿ ಹೊಸ ಕಟ್ಟಡವಾದ ಮೇಲಂತೂ ಕುಂದಗೋಳ, ಅಣ್ಣಿಗೇರಿಗಳ ಒಕ್ಕಲಿಗರೂ ಮಗನ ಊರಿಗೆ ಹೊರಟಾಗ ಈ ಕಾವಲುಗಾರರ ಎದುರು ನಿಲ್ಲಬೇಕಾಗಿದೆ.

ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟವರೆಲ್ಲ ಒಂದೇ ಇಲಾಖೆಯವರಲ್ಲ. ಹೊರಗಿನ ಶಾಂತಿಪಾಲನೆ, ಕಳವಿನ ದೂರು, ಮೊಕದ್ದಮೆ ಇವು ರಾಜ್ಯದ ಪೊಲೀಸರವು. ಪರದೇಶಕ್ಕೆ ಹೋಗಿ ಬರುವವರ ಪಾಸ್‌ಪೋರ್ಟ್ ನೋಡುವವರು ಬೇರೆ, ಸುಂಕದವರು ಬೇರೆ. ಬೆಂಗಳೂರು, ಮಂಗಳೂರುಗಳಂಥ ನಿಲ್ದಾಣಗಳಲ್ಲಿ ಬಾಗಿಲು ಕಾಯುವವರೂ ಮೈತಡವಿ ನೋಡುವವರೂ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. 1969ರಲ್ಲಿ ಕಾರ್ಖಾನೆಗಳನ್ನು ಕಾಯಲೆಂದು ಹುಟ್ಟಿದ ಈ ಪಡೆ ವಿಮಾನಗಳ ಕಾವಲಿಗೆ ಬಂದದ್ದಕ್ಕೆ ಒಂದು ಕಾರಣವುಂಟು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದಿಲ್ಲಿಗೆ ಹೊರಟ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರಷ್ಟೆ. ಅದಾದ ಕೆಲವೇ ವಾರಗಳಲ್ಲಿ, 2000ದ ಫೆಬ್ರುವರಿಯಲ್ಲಿ, ಜಯಪುರದ ನಿಲ್ದಾಣವನ್ನು ಮೊದಲಾಗಿ ಈ ಪಡೆಗೆ ಒಪ್ಪಿಸಲಾಯಿತು. ಅದಕ್ಕೆ ಮುಂಚೆ ಈ ಕೆಲಸ ರಾಜ್ಯಗಳ ಪೊಲೀಸರದಾಗಿತ್ತು.

ಎಕ್ಸ್‌ರೇ ಯಂತ್ರದ ಮುಂದೆ ಕುಳಿತವನ ಕೆಲಸವನ್ನು ನೋಡಿ. ಪರದೆಯ ಮೇಲೆ ಲೋಹವೆಲ್ಲ ನೀಲಿ. ಜೀವಜನ್ಯ ಪದಾರ್ಥಗಳೆಲ್ಲ ಕಿತ್ತಳೆ. ತಾಯಿ ಕಟ್ಟಿಕೊಟ್ಟ ಶೇಂಗಾದ ಹೋಳಿಗೆಯೂ ಕಿತ್ತಳೆ, ಸ್ಫೋಟಕವೂ ಬಹುಮಟ್ಟಿಗೆ ಕಿತ್ತಳೆಯೇ! ಈ ಎರಡರ ಭೇದವನ್ನು ಅವನು ಕ್ಷಣಗಳಲ್ಲಿ ಅರಿಯಬೇಕು. ಅವನ ಎಚ್ಚರವನ್ನು ಪರೀಕ್ಷಿಸಲು ಯಂತ್ರವೇ ನಡುನಡುವೆ ಹುಸಿ ಆಯುಧಗಳ ಚಿತ್ರ ತೋರಿಸುವ ಏರ್ಪಾಡೂ ಉಂಟು. ಅಡಕೊತ್ತನ್ನು ಕೈಚೀಲದಲ್ಲಿ ಒಯ್ಯಗೊಡದಿದ್ದರೆ ನಮ್ಮ ಹಿರಿಯರು ಸಿಟ್ಟಾಗುತ್ತಾರೆ. ಅದರ ಅಲಗನ್ನು ನೆನೆದರೆ ಕಾರಣ ತಿಳಿದೀತು. ಕುಂದಗೋಳದ ಮೆಣಸಿನಕಾಯಿಯ ಖಾರದಪುಡಿಗೂ ಅದೇ ಗತಿ. ಕಣ್ಣಿಗೆ ಎರಚಿದರೆ ಅದೇನು ಮಾಡೀತೆಂಬುದನ್ನು ಆ ಊರಿನವರಿಗೆ ಹೇಳಬೇಕಾದುದಿಲ್ಲ.

2020ರ ಜನವರಿ 20ರಂದು ಮಂಗಳೂರಿನಲ್ಲಿ ಟಿಕೆಟ್ ಕೌಂಟರಿನ ಬಳಿ ಯಾರೋ ಬಿಟ್ಟುಹೋದ ಚೀಲವೊಂದು ಈ ಪಡೆಯವರ ಕಣ್ಣಿಗೆ ಬಿತ್ತು. ಜನರನ್ನು ದೂರ ಸರಿಸಿ, ಚೀಲವನ್ನು ಕೆಂಜಾರಿನ ಬಯಲಿಗೆ ಒಯ್ದು ನಾಶಪಡಿಸಿದರು. ಒಳಗಿದ್ದುದು ಸ್ಫೋಟಕವೇ ಆಗಿತ್ತು. ಬಿಟ್ಟ ಚೀಲದ ಭಯ ಬರಿಯ ಶಂಕೆಯಲ್ಲ. 1985ರ ಜೂನ್ 23ರಂದು ಐರ್ಲೆಂಡಿನ ಸಮೀಪ ಕಡಲಿನ ಮೇಲೆ ಸಿಡಿದ ‘ಕನಿಷ್ಕ’ ವಿಮಾನದಲ್ಲಿ 329 ಮಂದಿ ಸತ್ತರು. ಬಾಂಬಿದ್ದ ಪೆಟ್ಟಿಗೆಯ ಒಡೆಯ ವಿಮಾನ ಹತ್ತಿರಲೇ ಇಲ್ಲ. “ಈ ಚೀಲ ನಿಮ್ಮದೇ? ಕಟ್ಟಿದವರು ಯಾರು?” ಎಂಬ ಪ್ರಶ್ನೆಗಳ ಹಿಂದೆ ಅಷ್ಟು ಜನರ ಸಾವಿದೆ.

ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಆ ಪ್ರಶ್ನೆಯನ್ನು ಕೇಳುವುದು ಯಾವ ಭಾಷೆಯಲ್ಲಿ? ಹಿಂದಿಯಲ್ಲಿ ಕೇಳಿದರೆ ಕಲಘಟಗಿಯ ಮುದುಕಿಯೊಬ್ಬಳು ಸುಮ್ಮನೆ ತಲೆಯಾಡಿಸುತ್ತಾಳೆ. ಆ ತಲೆಯಾಟವನ್ನು ಉತ್ತರವೆಂದು ಒಪ್ಪಿದರೆ ಕಾವಲಿನಲ್ಲಿ ಬಿರುಕು ಬಿದ್ದಂತೆ. ಒಪ್ಪದೆ ಗದರಿದರೆ ನಿರಪರಾಧಿಗೆ ಅವಮಾನ. ಕನ್ನಡದ ಬೇಡಿಕೆಯನ್ನು ನಾವು ಸಾಮಾನ್ಯವಾಗಿ ಅಭಿಮಾನದ ಹೆಸರಿನಲ್ಲಿ ಮುಂದಿಡುತ್ತೇವೆ. ಇಲ್ಲಿ ಅದನ್ನು ಭದ್ರತೆಯ ಹೆಸರಿನಲ್ಲಿಯೇ ಕೇಳಬಹುದು, ಕೇಳಬೇಕು. ಮುಖಚರ್ಯೆಯಷ್ಟೇ ಮಾತಿನ ತಡವರಿಕೆಯನ್ನೂ ಗುರುತಿಸಬೇಕಾದವನಿಗೆ ಆ ಮಾತೇ ತಿಳಿಯದಿದ್ದರೆ ಹೇಗೆ?

ಒಂದು ಬಾಗಿಲು ಈಗ ತೆರೆದಿದೆ. ಈ ಪಡೆಗೂ ಇತರ ಕೇಂದ್ರೀಯ ಪಡೆಗಳಿಗೂ ಕಾನ್‌ಸ್ಟೆಬಲ್‌ಗಳನ್ನು ಆಯುವ ಪರೀಕ್ಷೆಯನ್ನು 2024ರಿಂದ ಹಿಂದಿ, ಇಂಗ್ಲಿಷುಗಳಲ್ಲದೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತಿದ್ದಾರೆ. ಹತ್ತನೆಯ ಇಯತ್ತೆ ಮುಗಿಸಿದವರು ಅರ್ಹರು. ಹೆಣ್ಣುಮಕ್ಕಳನ್ನು ತಪಾಸಣೆ ಮಾಡುವವರು ಹೆಣ್ಣುಮಕ್ಕಳೇ ಆಗಿರಬೇಕಾದುದರಿಂದ ಹುಡುಗಿಯರಿಗೂ ಅಲ್ಲಿ ಕೆಲಸವುಂಟು. ನಮ್ಮ ಕಾಲೇಜುಗಳಲ್ಲಿ ಈ ಸುದ್ದಿ ಹೇಳುವ ಅಧ್ಯಾಪಕರು ಎಷ್ಟು ಮಂದಿ? ಪಂಪನ ನಂಟುಳ್ಳ ಅಣ್ಣಿಗೇರಿಯ ಹಿರಿಮೆಯನ್ನು ಗಂಟೆಗಟ್ಟಲೆ ಬಣ್ಣಿಸುವ ನಮಗೆ, ಅದೇ ಊರಿನ ಹುಡುಗನ ಅರ್ಜಿಗೆ ಐದು ನಿಮಿಷ ಕೊಡುವುದು ಭಾರವಾಗಬಾರದು.

ಕನ್ನಡದಲ್ಲಿ ಪರೀಕ್ಷೆ ಬರೆದವನು ಹುಬ್ಬಳ್ಳಿಯಲ್ಲಿಯೇ ನಿಲ್ಲುತ್ತಾನೆಂಬ ಭರವಸೆಯಿಲ್ಲ, ನಿಜ. ಅವನನ್ನು ಗುವಾಹಾಟಿಗೂ ಕಳಿಸಬಹುದು. ಆದಕಾರಣ ಪರೀಕ್ಷೆಯ ಭಾಷೆಯೊಂದೇ ಸಾಲದು. ಕರ್ನಾಟಕದ ನಿಲ್ದಾಣಗಳಿಗೆ ಬರುವ ಪ್ರತಿಯೊಬ್ಬ ಕಾವಲುಗಾರನಿಗೂ ಇನ್ನೂರು ಕನ್ನಡ ಮಾತುಗಳನ್ನು, ಅದರಲ್ಲಿಯೂ ಧಾರವಾಡದ ಕಡೆಯ ಆಡುಮಾತನ್ನು, ಕೆಲಸದ ಅಂಗವಾಗಿಯೇ ಕಲಿಸಲಿ. ಹಾಗೆಯೇ ಗುವಾಹಾಟಿಗೆ ಹೋದ ನವಲಗುಂದದ ಹುಡುಗಿಯೂ ಅಲ್ಲಿಯ ಅಜ್ಜಿಯ ಚೀಲವನ್ನು ಅಸ್ಸಾಮಿಯಲ್ಲಿ ಕೇಳಿ ತೆರೆಯಲಿ. ಇನ್ನೂರು ಮಾತುಗಳ ಆ ಪಟ್ಟಿಯನ್ನು ಸಿದ್ಧಪಡಿಸಿಕೊಡಲು ನಮ್ಮ ಕನ್ನಡ ವಿಭಾಗಗಳಿಗೆ ಒಂದು ರಜೆಯ ಅವಧಿ ಧಾರಾಳವಾಗಿ ಸಾಕು.