ಸೊನ್ನೆ ದಿನದ ತಿದ್ದುಪಡಿ

ಸಾಲ ಕೆಡುವ ಮೊದಲೇ ನಷ್ಟವನ್ನು ಅಂದಾಜಿಸುವ ನಿರೀಕ್ಷಿತ ಸಾಲ ನಷ್ಟದ ಲೆಕ್ಕವನ್ನು 2027ರ ಏಪ್ರಿಲ್ 1ರಿಂದ ಬ್ಯಾಂಕುಗಳಿಗೆ ಕಡ್ಡಾಯ ಮಾಡುವ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ ಮುಂದಿಟ್ಟಾಗಿನಿಂದ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ: ಯಾವ ಬ್ಯಾಂಕಿನ ಲಾಭ ಎಷ್ಟು ಕುಗ್ಗೀತು? ಕೆನರಾ ಬ್ಯಾಂಕಿನ, ಕರ್ಣಾಟಕ ಬ್ಯಾಂಕಿನ ಷೇರು ಹಿಡಿದವರಿಗೆ ಅದು ಮುಖ್ಯವೇ. ಆದರೆ ಈ ನಿಯಮದ ಮೂಲ ಬರೆದವರು ಯಾರು ಎಂದು ಕೇಳಿ ನೋಡಿ, ಉತ್ತರ ಸಿದ್ಧವಾಗಿರುತ್ತದೆ: ಲಂಡನ್ನಿನ ಐಎಎಸ್‌ಬಿ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ), ಸ್ವತಂತ್ರ ತಜ್ಞರ ಮಂಡಳಿ, 140ಕ್ಕೂ ಹೆಚ್ಚು ಕಡೆ ಅದರ ಮಾನದಂಡಕ್ಕೆ ಮನ್ನಣೆಯಿದೆ, ನಾವೂ ಒಪ್ಪಿದರಾಯಿತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಂಡಳಿಯ ಪರಿಣತಿಯ ಬಗ್ಗೆ ನನಗೆ ತಕರಾರಿಲ್ಲ. ಅದು ಯಾರ ಮಾತಿಗೆ ಬಾಗುತ್ತದೆ ಎಂಬುದರ ಬಗ್ಗೆ ಇದೆ.

ಮಾನದಂಡದ ಕರಡನ್ನು ಪ್ರಕಟಿಸಿದ ಮೇಲೆ ಐಎಎಸ್‌ಬಿ ಸಾಮಾನ್ಯವಾಗಿ 120 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಕಾಯುತ್ತದೆ. 2008ರ ಅಕ್ಟೋಬರ್ 13ರಂದು ಅದು ಹೊರಡಿಸಿದ ತಿದ್ದುಪಡಿಗೆ ಕಾದದ್ದು ಸೊನ್ನೆ ದಿನ. ಲೀಮನ್ ಬ್ರದರ್ಸ್ ಮುಳುಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಬೆಲೆ ಕುಸಿದ ಸಾಲಪತ್ರಗಳನ್ನು ಮಾರುಕಟ್ಟೆ ಬೆಲೆಗೇ ತೋರಿಸಬೇಕೆಂಬ ನಿಯಮದಿಂದ ಬಿಡುಗಡೆ ಬೇಕೆಂದು ಯುರೋಪಿನ ನಾಯಕರು ಪಟ್ಟು ಹಿಡಿದರು. ಮಂಡಳಿ ಬದಲಿಸದಿದ್ದರೆ ಆ ಭಾಗವನ್ನು ಕಾನೂನಿನಿಂದಲೇ ಕಿತ್ತುಹಾಕುವ ಬೆದರಿಕೆ ಬಂತು. ಮಂಡಳಿಯ ಮೇಲಿನ ಟ್ರಸ್ಟಿಗಳು ಪ್ರಕ್ರಿಯೆಯನ್ನು ಬದಿಗಿಡಲು ಒಪ್ಪಿದರು, ಆ ನಿಯಮವಿದ್ದ ಐಎಎಸ್ 39 ಎಂಬ ಮಾನದಂಡ ತಿದ್ದುಪಡಿಯಾಯಿತು. ಅದೂ ಪೂರ್ವಾನ್ವಯವಾಗಿ, ಜುಲೈ 1ರಿಂದಲೇ. ಸೆಪ್ಟೆಂಬರಿನ ಕುಸಿತ ಕಣ್ಣಾರೆ ಕಂಡ ಮೇಲೆ ಜುಲೈನ ಬೆಲೆ ಹಿಡಿದು ಸಾಲಪತ್ರವನ್ನು ಬೇರೆ ವರ್ಗಕ್ಕೆ ದಾಟಿಸಬಹುದಾಯಿತು. ಡಾಯ್ಚ ಬ್ಯಾಂಕ್ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಲೆಕ್ಕದಲ್ಲೇ ಇದನ್ನು ಬಳಸಿಕೊಂಡು 80 ಕೋಟಿ ಯೂರೊಗೂ ಹೆಚ್ಚಿನ ನಷ್ಟವನ್ನು ಲಾಭ-ನಷ್ಟದ ಲೆಕ್ಕದಿಂದ ಹೊರಗಿಟ್ಟಿತು. ತ್ರೈಮಾಸಿಕ ಲಾಭದಲ್ಲಿ ಮುಗಿಯಿತು. ಸಾಲ ಪಡೆದವರು ಅವರೇ, ಪತ್ರಗಳೂ ಅವೇ.

ಅಮೆರಿಕದ ಬ್ಯಾಂಕುಗಳಿಗೆ ಅಂಥ ಅವಕಾಶ ಮೊದಲೇ ಇತ್ತು, ಯುರೋಪ್ ಕೇಳಿದ್ದು ಸಮಾನತೆಯನ್ನಷ್ಟೇ ಎಂಬ ವಾದವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಹಾಗಿದ್ದರೆ ಅದನ್ನು ಒಂದೇ ಒಂದು ತಿಂಗಳಾದರೂ ಬಹಿರಂಗವಾಗಿ ವಾದಿಸಬಹುದಿತ್ತಲ್ಲ? ಲೆಕ್ಕಪತ್ರ ಓದಿ ಹಣ ಹೂಡುವವರಿಗೆ ಅಂದು ಬಾಯಿಯೇ ಇರಲಿಲ್ಲ. ಕೀನ್ಯವೋ ಶ್ರೀಲಂಕಾವೋ ಇದೇ ಬೆದರಿಕೆ ಹಾಕಿದ್ದರೆ ಮಂಡಳಿ ಹೀಗೆ ರಾತ್ರೋರಾತ್ರಿ ಬಾಗುತ್ತಿತ್ತೇ?

ಮರುವರ್ಷ ಟ್ರಸ್ಟಿಗಳ ಮೇಲೆ ಕಣ್ಣಿಡಲು ಉಸ್ತುವಾರಿ ಮಂಡಳಿಯೊಂದು ಬಂತು, ಸರಿ. ಅದರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಕೂತಿದೆ. ಆ ದೇಶ ತನ್ನದೇ ಕಂಪನಿಗಳ ಲೆಕ್ಕಕ್ಕೆ ಈ ಮಾನದಂಡವನ್ನು ಇಂದಿಗೂ ಒಪ್ಪಿಲ್ಲ. ಐಎಎಸ್‌ಬಿಯ 14 ಸ್ಥಾನಗಳಲ್ಲಿ ಯುರೋಪಿಗೆ 4, ಅಮೆರಿಕ ಖಂಡಗಳಿಗೆ 4, ಏಷ್ಯಾ-ಓಷಿಯಾನಿಯಾ ಎರಡಕ್ಕೂ ಸೇರಿ 4, ಇಡೀ ಆಫ್ರಿಕಕ್ಕೆ 1. ಉಳಿದ ಒಂದು ಯಾರಿಗಾದರೂ.

ನಮ್ಮ ಪಾಡೇನು? ಮಾನದಂಡ ಸಿದ್ಧವಾಗಿ ಬಂದ ಮೇಲೆ ನಾವು ತಡಮಾಡುತ್ತೇವೆ. ನಷ್ಟವನ್ನು ಮೊದಲೇ ಗುರುತಿಸಲೆಂದು ಐಎಎಸ್ 39ರ ಜಾಗಕ್ಕೆ ಬಂದ, ರಿಸರ್ವ್ ಬ್ಯಾಂಕಿನ ಈಗಿನ ಪ್ರಸ್ತಾವಕ್ಕೂ ಮೂಲವಾದ ಐಎಫ್‌ಆರ್‌ಎಸ್ 9 ಜಗತ್ತಿನಲ್ಲಿ 2018ಕ್ಕೇ ಜಾರಿಯಾಯಿತು. ನಮ್ಮ ಬ್ಯಾಂಕುಗಳಿಗೆ ಮೊದಲು 2018, ಆಮೇಲೆ 2019, ಆಮೇಲೆ ಗಡುವೇ ಇಲ್ಲ, ಈಗ 2027. ದೊಡ್ಡ ಎನ್‌ಬಿಎಫ್‌ಸಿಗಳು (ಬ್ಯಾಂಕೇತರ ಹಣಕಾಸು ಕಂಪನಿಗಳು) ಮಾತ್ರ 2018ರಿಂದಲೇ ಪಾಲಿಸುತ್ತಿವೆ. ಒಬ್ಬನೇ ಸಾಲಗಾರ ಬ್ಯಾಂಕಿನಲ್ಲೂ ಎನ್‌ಬಿಎಫ್‌ಸಿಯಲ್ಲೂ ಸಾಲ ಎತ್ತಿದ್ದರೆ ಅವನ ಸಾಲದ ನಷ್ಟಕ್ಕೆ ಒಂಬತ್ತು ವರ್ಷ ಎರಡು ಬಗೆಯ ಲೆಕ್ಕ. ಈ ತಡವನ್ನು ಸಾರ್ವಭೌಮತೆ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯುರೋಪಿನ ಒತ್ತಡ ಮಂಡಳಿಯ ನಿಯಮವನ್ನೇ ಬದಲಿಸಿತು; ನಮ್ಮ ತಡದಿಂದ ಲಂಡನ್ನಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಇಲ್ಲಿ ಮಾನದಂಡವನ್ನು ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ ಶಿಫಾರಸು ಮಾಡುತ್ತದೆ, ಹಣಕಾಸು ವರದಿ ಪ್ರಾಧಿಕಾರ ಎನ್‌ಎಫ್‌ಆರ್‌ಎ ಪರಿಶೀಲಿಸುತ್ತದೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಸಂಸತ್ತಿಗೆ ಕಾಗದ ತಲುಪುವುದು ಎಲ್ಲ ಮುಗಿದ ಮೇಲೆ. ಈ ಕ್ರಮ ತಿರುವುಮುರುವಾಗಬೇಕು. ಲಂಡನ್ನಿನ ಕರಡು 120 ದಿನ ತೆರೆದಿರುವಾಗಲೇ ಅದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯ ಮೇಜಿಗೆ ಬರಲಿ. ಸಮಿತಿಯು ಬ್ಯಾಂಕಿನವರನ್ನೂ ಸಣ್ಣ ಹೂಡಿಕೆದಾರರನ್ನೂ ಕರೆಸಿ ಕೇಳಿ, ಭಾರತದ ನಿಲುವನ್ನು ಸಕಾರಣವಾಗಿ ಬರೆದು ಕಳಿಸಲಿ. ಅದರ ಜೊತೆಗೊಂದು ಲಿಖಿತ ಎಚ್ಚರಿಕೆಯೂ ಹೋಗಲಿ: ಯಾವ ದೇಶದ ಒತ್ತಡಕ್ಕಾದರೂ ಸರಿ, ಇನ್ನೊಮ್ಮೆ ಸೊನ್ನೆ ದಿನದ ತಿದ್ದುಪಡಿ ಬಂದರೆ ಅದನ್ನು ಭಾರತ ಅಧಿಸೂಚಿಸುವುದಿಲ್ಲ.