ಸೊಕ್ಕೂ ಅಲ್ಲ, ಗಾಳಿ ಸೋಕೂ ಅಲ್ಲ



ಸಂಸಾರದ ಜಗಳಗಳು ಮಠದ ಪಡಸಾಲೆಗೆ ಬರುವುದು ನಮ್ಮಲ್ಲಿ ಹೊಸದಲ್ಲ. ಕೋರ್ಟು ಮೆಟ್ಟಿಲು ಹತ್ತುವ ಮೊದಲು ಪೂಜ್ಯರ ಮಾತೊಂದು ಕೇಳೋಣ ಎಂದು ಎರಡೂ ಕಡೆಯ ಹಿರಿಯರು ಬಂದು ಕೂರುತ್ತಾರೆ. ಅಂಥ ಅಹವಾಲುಗಳಲ್ಲಿ ಒಂದು ಬಗೆಯದನ್ನು ಮತ್ತೆ ಮತ್ತೆ ಕೇಳುತ್ತೇನೆ. "ಮುಂಜಾನೆ ನೀವ ನನ್ನ ದೇವರು ಅಂತಾಳ, ಸಂಜಿಗೆ ನಿಮ್ಮಂಥ ಕಟುಕರಿಲ್ಲ ಅಂತಾಳ." "ಫೋನ್ ಎತ್ತೂದು ತುಸು ತಡ ಆದ್ರ ನನ್ನ ಬಿಟ್ಟು ಹೊಂಟೀ ಅಂತ ಮನಿ ರಂಪ ಮಾಡ್ತಾನ." ಕುಳಿತವರಲ್ಲಿ ಒಬ್ಬರು ಇದು ಸೊಕ್ಕು ಎನ್ನುತ್ತಾರೆ. ಇನ್ನೊಬ್ಬರು ಗಾಳಿ ಸೋಕಿದೆ ಎನ್ನುತ್ತಾರೆ. ಮೂರನೆಯವರು, ಒಂದು ಕೂಸಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಈ ಮೂರೂ ಮಾತುಗಳು ಸುಳ್ಳಾಗುವ ಒಂದು ಬೇನೆಯ ಬಗ್ಗೆ ಈ ಸಲ ಬರೆಯುತ್ತಿದ್ದೇನೆ.

ವೈದ್ಯರು ಅದನ್ನು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಕರೆಯುತ್ತಾರೆ. 1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್, ಅಂದು ತಿಳಿದಿದ್ದ ಎರಡು ಬಗೆಯ ಮನೋರೋಗಗಳ ನಡುವಿನ ಗಡಿಯಲ್ಲಿ ಕಾಣುವ ರೋಗಿಗಳಿಗೆ 'ಬಾರ್ಡರ್‌ಲೈನ್' ಎಂಬ ಪದ ಬಳಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಗೆ ಅದು ಸೇರಿತು. ಕನ್ನಡದಲ್ಲಿ ಇಂಥವನ್ನು 'ವ್ಯಕ್ತಿತ್ವ ದೋಷ' ಎನ್ನುವ ರೂಢಿಯಿದೆ. ದೋಷ ಎಂದೊಡನೆ ನಮ್ಮವರಿಗೆ ಗ್ರಹದೋಷ, ನಡತೆಯ ದೋಷ ನೆನಪಾಗುತ್ತವೆ. ಆದ್ದರಿಂದ ನಾನು ಬೇನೆ ಎಂದೇ ಕರೆಯುತ್ತೇನೆ.

ಇದರ ಮೂಲದಲ್ಲಿರುವುದು ತೀವ್ರವಾದ ಭಾವನೆಗಳು ಮತ್ತು ಕೈಬಿಟ್ಟಾರೆಂಬ ಭಯ. ಸಂತೆಗೆ ಹೋದ ಗಂಡ ಹೊತ್ತು ಮೀರಿ ಬಂದರೆ ಉಳಿದವರಿಗೆ ಅದು ತಡವಷ್ಟೇ. ಈ ಬೇನೆಯವರಿಗೆ ಅದು ಪರಿತ್ಯಾಗ. ಆ ಗಳಿಗೆಯಲ್ಲಿ ಎದುರಿನವರ ಹಿಂದಿನ ಒಳ್ಳೆಯತನವೆಲ್ಲ ಮರೆಯಾಗಿ, ಮನುಷ್ಯ ಪೂರ್ತಿ ಒಳ್ಳೆಯವನು ಇಲ್ಲವೇ ಪೂರ್ತಿ ಕೆಟ್ಟವನು ಎಂದೇ ಕಾಣುತ್ತಾನೆ. ಸಿಟ್ಟು ಉಕ್ಕುತ್ತದೆ, ಆಡಬಾರದ ಮಾತು ಬರುತ್ತದೆ, ಆಮೇಲೆ ನಾಚಿಕೆ ಹಿಂಡುತ್ತದೆ. ತಾನು ಯಾರು, ತನಗೇನು ಬೇಕು ಎಂಬುದೇ ನಿಲ್ಲದು. ಒಳಗೆಲ್ಲ ಖಾಲಿ ಎನಿಸುತ್ತದೆ. ಕೆಲವರು ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ, ಕೆಲವರು ಜೀವ ಕಳೆದುಕೊಳ್ಳಲು ಮುಂದಾಗುತ್ತಾರೆ. ಬಿಟ್ಟು ಹೋಗಬೇಡಿ ಎಂದು ಹಿಡಿದ ಹಿಡಿತವೇ ಹತ್ತಿರದವರನ್ನು ದೂರ ತಳ್ಳುವುದು ಇದರ ದೊಡ್ಡ ದುರಂತ.

ಹೀಗೇಕಾಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಎರಡು ಕಾರಣಗಳನ್ನು ಜೋಡಿಸಿ ಹೇಳುತ್ತಾರೆ. ಒಂದು, ಹುಟ್ಟಿನಿಂದ ಬಂದ ಸೂಕ್ಷ್ಮ ಮನಸ್ಸು. ಮೈಯೆಲ್ಲ ಸುಟ್ಟವರಿಗೆ ತುಸು ಮುಟ್ಟಿದರೂ ಉರಿಯುವಂತೆ ಇವರಿಗೆ ಸಣ್ಣ ಮಾತೂ ಉರಿಯುತ್ತದೆ ಎಂಬ ಹೋಲಿಕೆ ಅವರದೇ. ಇನ್ನೊಂದು, ಆ ಉರಿಯನ್ನು ಸುಳ್ಳೆನ್ನುವ ವಾತಾವರಣ. ಅಳುವ ಮಗುವಿಗೆ "ಏನಾಗೇದ ನಿನಗ, ನಾಟಕ ಸಾಕು" ಎನ್ನುತ್ತಲೇ ಬೆಳೆಸಿದರೆ ತನ್ನ ನೋವಿಗೆ ಹೆಸರಿಡಲು ಅದು ಕಲಿಯುವುದಿಲ್ಲ; ಕೂಗಾಡಿದಾಗ ಮಾತ್ರ ಮನೆ ತಿರುಗಿ ನೋಡುತ್ತದೆ ಎಂದು ಕಲಿಯುತ್ತದೆ. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಕಂಡವರು ಇವರಲ್ಲಿ ಅನೇಕರು. ಹಾಗೆಂದು ಇಂಥವರ ತಂದೆ ತಾಯಿಯರೆಲ್ಲ ತಪ್ಪಿತಸ್ಥರೆಂದು ತೀರ್ಪು ಕೊಡುವುದೂ ಅನ್ಯಾಯವೇ.

ಮನೆಯವರು ಏನು ಮಾಡಬೇಕು? ನೋವನ್ನು ಒಪ್ಪುವುದು ಬೇರೆ, ನಡತೆಯನ್ನು ಒಪ್ಪುವುದು ಬೇರೆ; ಇದೊಂದು ತಿಳಿದರೆ ಅರ್ಧ ದಾರಿ ಸವೆದಂತೆ. "ನಾ ಬರೂದು ತಡ ಆತು, ನಿನಗ ಭಾಳ ಅಂಜಿಕಿ ಆಗೇದ, ಖರೇ" ಎನ್ನುವುದು ಸೋಲಲ್ಲ. ಅದರ ಬೆನ್ನಿಗೇ "ಆದರ ಬೈದಾಡಿದ್ರ ನಾ ಮಾತಾಡೂದಿಲ್ಲ, ಇಬ್ಬರೂ ತಣ್ಣಗಾಗೂಣು" ಎನ್ನಬಹುದು. ಹೇಳಿದಂತೆ ಮರಳಿ ಬಂದು ಮಾತಾಡಲೇಬೇಕು. ಇಂದು ಒಂದು ನಿಯಮ, ನಾಳೆ ಇನ್ನೊಂದು ಎಂದಾದರೆ ಭಯ ಹೆಚ್ಚುತ್ತದೆ. ಅತ್ತೆ ಒಳ್ಳೆಯವಳು, ಗಂಡ ಕೆಟ್ಟವನು ಎಂದು ಮನೆ ಎರಡು ಪಕ್ಷವಾಗದಂತೆ ಹಿರಿಯರು ಒಂದೇ ಮಾತಿಗೆ ನಿಲ್ಲಬೇಕು. ಸಾಯುವ ಮಾತನ್ನು ಬರೀ ಬೆದರಿಕೆ ಎಂದು ತಳ್ಳಿಹಾಕಬಾರದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಜೊತೆಗಿರುವವರ ದಣಿವೂ ನಿಜ. ಎಲ್ಲವನ್ನೂ ನುಂಗಿಕೊಂಡಿರು ಎಂದು ಅವರಿಗೆ ಉಪದೇಶಿಸುವುದು ಧರ್ಮವಲ್ಲ. ಅವರಿಗೂ ಆಸರೆ ಬೇಕು, ಹೊಡೆತ ಬಡಿತವಿದ್ದರೆ ಮೊದಲು ರಕ್ಷಣೆ ಬೇಕು.

ಇಲ್ಲೊಂದು ಎಚ್ಚರಿಕೆ. ಈ ಲೇಖನ ಓದಿ ಯಾರೂ ತಮ್ಮ ಸೊಸೆಗೆ ರೋಗದ ಹಣೆಪಟ್ಟಿ ಕಟ್ಟಬಾರದು. ಕುಡಿದು ಬಡಿಯುವ ಗಂಡನೆದುರು ಕೂಗುವವಳು ರೋಗಿಯಲ್ಲ, ನ್ಯಾಯ ಕೇಳುವವಳು. ವರದಕ್ಷಿಣೆಯ ಕಾಟಕ್ಕೆ ಅತ್ತವಳ ಕಣ್ಣೀರಿಗೆ ವೈದ್ಯಶಾಸ್ತ್ರದ ಹೆಸರು ಬೇಕಿಲ್ಲ. ಈ ಬೇನೆ ಗಂಡಸರಿಗೂ ಬರುತ್ತದೆ. ಅವರ ಸಿಟ್ಟನ್ನು ಪೌರುಷವೆಂದು ನಾವು ಸಹಿಸಿಕೊಳ್ಳುವುದರಿಂದ ಅದು ಬೇನೆಯಾಗಿ ಕಾಣುವುದಿಲ್ಲ. ರೋಗ ಹೌದೋ ಅಲ್ಲವೋ ಎಂದು ವೈದ್ಯರು ಹಲವು ಸಲ ಮಾತಾಡಿಸಿ ಹೇಳಬೇಕು, ಪಂಚರು ಹೇಳುವಂತಿಲ್ಲ.

ಇದು ವಾಸಿಯಾಗದ ಬೇನೆಯೆಂಬುದು ಹಳೆಯ ತಿಳಿವಳಿಕೆ. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಮತ್ತು ಸಂಗಡಿಗರು ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿದಾಗ, ಹತ್ತು ವರ್ಷದೊಳಗೆ ಬಹುಪಾಲು ಜನರಲ್ಲಿ ಲಕ್ಷಣಗಳು ಇಳಿದಿದ್ದವು. ಉದ್ಯೋಗ, ಸಂಬಂಧಗಳು ನೆಲೆಗೊಳ್ಳುವುದು ಮಾತ್ರ ನಿಧಾನ. ಇಲ್ಲಿ ಮುಖ್ಯ ಮದ್ದು ಮಾತಿನ ಚಿಕಿತ್ಸೆ. ಗುಳಿಗೆಗಳು ಜೊತೆಗಿರುವ ಖಿನ್ನತೆ ಮುಂತಾದವುಗಳಿಗೆ ನೆರವಾಗುತ್ತವೆ. ಲಿನೆಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯಲ್ಲಿ ಮನಸ್ಸನ್ನು ಈ ಗಳಿಗೆಯಲ್ಲಿ ನಿಲ್ಲಿಸುವುದು, ಸಂಕಟ ಸಹಿಸುವುದು, ಭಾವನೆ ಹತೋಟಿಗೆ ತರುವುದು, ಸಂಬಂಧ ಕೆಡದಂತೆ ಮಾತಾಡುವುದು ಎಂಬ ನಾಲ್ಕು ಕೌಶಲ ಕಲಿಸುತ್ತಾರೆ. ಹದಿಹರೆಯದಲ್ಲಿ ತಾವೇ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ನರಳಿದವರೇ ಮದ್ದು ಹುಡುಕಿದ ಕಥೆ ಅದು.

ಇಷ್ಟಲಿಂಗ ನಿರೀಕ್ಷಣೆ ಮನಸ್ಸನ್ನು ನಿಲ್ಲಿಸಲು ನೆರವಾಗುತ್ತದೆಂದು ನಂಬುವವನು ನಾನು. ಆದರೆ ಪೂಜೆ ಸರಿಯಾಗಿ ಮಾಡದ್ದಕ್ಕೇ ಹೀಗಾಯಿತು ಎಂದು ನರಳುವವರಿಗೆ ಹೇಳಬೇಡಿ. ಮನಸ್ಸಿನ ಚಂಚಲತೆಯನ್ನು ಬಸವಣ್ಣನವರು ತಮ್ಮದೇ ಮನಸ್ಸಿನ ಮಾತಾಗಿ ಆಡಿದರು, ಇತರರ ಮೇಲೆ ಹೊರಿಸಲಿಲ್ಲ. ಆ ವಿನಯ ನಮಗೂ ಬರಲಿ.

ಕೊನೆಗೆ ಮಠಗಳಿಗೆ ನನ್ನ ಬಿನ್ನಹ. ಅಮಾವಾಸ್ಯೆಗೊಮ್ಮೆ ತಾಯತ, ಯಂತ್ರ ಕಟ್ಟುವ ರೂಢಿ ನಮ್ಮವೇ ಕೆಲವು ಮಠಗಳಲ್ಲಿ ಉಳಿದಿದೆ. ಬಸವತತ್ವದ ಹೆಸರಿನಲ್ಲಿ ಅದು ನಿಲ್ಲಬೇಕು. ಮದುವೆ ಮಾಡಿದರೆ ಸರಿಹೋದೀತು ಎಂಬ ಸಲಹೆ ಮಠದ ಬಾಯಿಂದ ಬರಬಾರದು; ಅದು ಒಂದು ಬೇನೆಯನ್ನು ಎರಡು ಮನೆಗೆ ಹಂಚಿದಂತೆ. ರಾಜಿ ಮಾಡಿಸುವ ಮುನ್ನ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು, ಸಂಶಯ ಬಂದರೆ ಜಿಲ್ಲಾ ಆಸ್ಪತ್ರೆಗೋ, ಧಾರವಾಡದ ಡಿಮ್ಹಾನ್ಸ್‌ಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಬೇಕು. ಈ ಬೇನೆ ಸಾಮಾನ್ಯವಾಗಿ ತಲೆಯೆತ್ತುವುದು ಹದಿಹರೆಯದಲ್ಲಿ, ಹೊಸ ಪ್ರಾಯದಲ್ಲಿ. ಆ ವಯಸ್ಸಿನ ಸಾವಿರಾರು ಮಕ್ಕಳು ನಮ್ಮ ಉಚಿತ ಪ್ರಸಾದ ನಿಲಯಗಳಲ್ಲಿದ್ದಾರೆ. ಅಲ್ಲಿನ ವಾರ್ಡನ್‌ಗಳಿಗೆ ತರಬೇತಿ ಕೊಡಿಸಿ. ಹಗಲು ರಾತ್ರಿ ಕನ್ನಡದಲ್ಲಿಯೂ ಮಾತಾಡುವ ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ನಿಲಯದ ಗೋಡೆಯ ಮೇಲಿರಲಿ.

ಅನ್ನ, ಅಕ್ಷರ ನೀಡಿ ಹೆಸರಾದ ಮಠಗಳು ನಮ್ಮವು. ಬೆಂದ ಮನಸ್ಸಿನ ಮಾತಿಗೆ ಕಿವಿಗೊಡುವುದೂ ದಾಸೋಹವೇ.



— ಸಂಪಾದಕ